ಹಂಪ್ಟಾ ಪಾಸ್‌ನ ಮೊಟಕು ರೆಕ್ಕೆಯ ಜೀರುಂಡೆಗಳು

ಮೊದಲ ದಿನ: ಪ್ರೀಣಿಯಿಂದ ಚೀಕಾ

ಕುಲ್ಲು ಕಣಿವೆಯಿಂದ ಲಾಹೌಲ್‌ಗೆ ದಾಟಿಸುವ ಹಂಪ್ಟಾ ಪಾಸ್ ಸುಮಾರು 4,270 ಮೀಟರ್ ಎತ್ತರದಲ್ಲಿದೆ. ಪೀರ್ ಪಂಜಾಲ್ ಶ್ರೇಣಿಯ ಈಚೆ ಬಿಯಾಸ್ ನದಿಗೆ ನೀರಿಳಿಸುವ ಹಸಿರು ಇಳಿಜಾರು, ಆಚೆ ಚಂದ್ರಾ ನದಿಯ ಬೋಳು ಕಲ್ಲುಗಾಡು. ಮುಂಗಾರಿನ ಮೋಡಗಳು ಈಚೆಯ ಬದಿಯನ್ನು ತೋಯಿಸಿ, ಶ್ರೇಣಿಯನ್ನು ದಾಟುವ ಹೊತ್ತಿಗೆ ಬಹುಮಟ್ಟಿಗೆ ಬರಿದಾಗಿರುತ್ತವೆ. ಈ ದಾರಿಯಲ್ಲಿ ಚಾರಣಕ್ಕೆ ಬರುವವರಲ್ಲಿ ಹೆಚ್ಚಿನವರು ನೋಡಲು ಬಯಸುವುದು ಈ ಹಠಾತ್ ಬದಲಾವಣೆಯನ್ನೇ. ನಾನೂ ಅದನ್ನು ನೋಡಲೆಂದೇ ಹೊರಟಿದ್ದೆ, ಆದರೆ ಕಲ್ಲುಗಳ ಅಡಿಯಲ್ಲಿ. ಎತ್ತರ ಏರಿದಂತೆ ರೋವ್ ಜೀರುಂಡೆಗಳ ಮೈಕಟ್ಟು ಹೇಗೆ ಬದಲಾಗುತ್ತದೆ, ಆ ಮೈಕಟ್ಟಿಗೂ ಅವುಗಳ ಹರವಿಗೂ ಇರುವ ನಂಟೇನು ಎಂಬುದು ನನ್ನ ಕುತೂಹಲವಾಗಿತ್ತು.

ರೋವ್ ಜೀರುಂಡೆಗಳು ಸ್ಟ್ಯಾಫಿಲಿನಿಡೇ ಕುಟುಂಬಕ್ಕೆ ಸೇರಿದವು. 60,000ಕ್ಕೂ ಹೆಚ್ಚು ಪ್ರಭೇದಗಳಿಗೆ ಈಗಾಗಲೇ ಹೆಸರಿಡಲಾಗಿದ್ದು, ಪ್ರಾಣಿಲೋಕದ ಅತಿ ದೊಡ್ಡ ಕುಟುಂಬಗಳ ಸಾಲಿನಲ್ಲಿ ಇದೂ ಒಂದು. ಇಷ್ಟಿದ್ದರೂ ಇವು ಸಾಮಾನ್ಯರ ಕಣ್ಣಿಗೆ ಜೀರುಂಡೆಗಳೆಂದೇ ತೋರುವುದಿಲ್ಲ. ಕೆಲವರು ಇರುವೆಯೆಂದುಕೊಳ್ಳುತ್ತಾರೆ, ಕೆಲವರು ಯಾವುದೋ ಹುಳುವಿನ ಮರಿಯೆಂದು ಸುಮ್ಮನಾಗುತ್ತಾರೆ. ಉಳಿದ ಬಹುಪಾಲು ಜೀರುಂಡೆಗಳಲ್ಲಿ ಗಟ್ಟಿಯಾದ ಮುಂರೆಕ್ಕೆಗಳು ಬೆನ್ನನ್ನು ಕೊನೆಯವರೆಗೂ ಮುಚ್ಚುತ್ತವೆ. ಇವುಗಳಲ್ಲಿ ಅವು ಸೊಂಟದ ಮೇಲಕ್ಕೇ ನಿಂತ ಕುಪ್ಪಸದಂತೆ ಮೊಟಕಾಗಿದ್ದು, ಉದರದ ಐದಾರು ಖಂಡಗಳು ಬಯಲಾಗಿಯೇ ಉಳಿಯುತ್ತವೆ. ಈ ಮೊಟಕುತನವೇ ಇಡೀ ಕುಟುಂಬದ ಯಶಸ್ಸಿನ ಗುಟ್ಟು ಎಂದು ನನ್ನ ಎಣಿಕೆ. ಗಟ್ಟಿ ಹೊದಿಕೆಯ ಬಿಗಿಯಿಲ್ಲದ ಉದರ ಮೇಲೆ ಕೆಳಗೆ, ಎಡಕ್ಕೆ ಬಲಕ್ಕೆ ಬಾಗುತ್ತದೆ; ಆದ್ದರಿಂದ ಎಲೆಕಸದ ಸಂದು, ತೊಗಟೆಯ ಬಿರುಕು, ಜಲ್ಲಿಯ ನಡುವಿನ ಇರುಕು ಎಲ್ಲೆಂದರಲ್ಲಿ ಈ ಕೀಟ ನುಸುಳಬಲ್ಲದು.

ಪ್ರೀಣಿಯಿಂದ ಜೋಬ್ರಾವರೆಗೆ ಜಲವಿದ್ಯುತ್ ಯೋಜನೆಗಾಗಿ ಕಡಿದ ತಿರುವುಮುರುವಿನ ರಸ್ತೆಯಿದೆ. ನಡಿಗೆ ಆರಂಭವಾಗುವುದು ಅಲ್ಲಿಂದ. ಚೀಕಾವರೆಗಿನ ದಾರಿ ಮರಗಳ ನೆರಳಲ್ಲಿ, ತೊರೆಯ ಮಗ್ಗುಲಲ್ಲಿ ಸಾಗುತ್ತದೆ. ಕೈಯಲ್ಲಿ ಇಪ್ಪತ್ತು ಪಟ್ಟು ಹಿಗ್ಗಿಸುವ ಲೆನ್ಸ್, ಮೊಬೈಲಿಗೆ ಸಿಕ್ಕಿಸುವ ಮ್ಯಾಕ್ರೊ ಲೆನ್ಸ್, ಒಂದು ಬಿಳಿ ತಟ್ಟೆ, ಮೆತ್ತನೆಯ ಕುಂಚ ಮತ್ತು ಕೆಲವು ಗಾಜಿನ ನಳಿಕೆಗಳಿದ್ದವು. ಹಿಡಿದದ್ದನ್ನು ನೋಡಿ ಅಲ್ಲೇ ಬಿಡುವುದು, ಎತ್ತಿದ ಕಲ್ಲನ್ನು ಇದ್ದ ಮಗ್ಗುಲಿಗೇ ಮತ್ತೆ ಇಡುವುದು ಎಂದು ಮೊದಲೇ ನಿಶ್ಚಯಿಸಿದ್ದೆ.

ತೊರೆಯಂಚಿನ ಒದ್ದೆ ಮರಳಿನಲ್ಲಿ ಮೊದಲು ಕಂಡದ್ದು ಸ್ಟೀನಸ್ ಕುಲದ ಜೀರುಂಡೆ. 3,000ಕ್ಕೂ ಹೆಚ್ಚು ಪ್ರಭೇದಗಳಿರುವ ಈ ಕುಲವನ್ನು ಗುರುತಿಸುವುದು ಸುಲಭ: ಕಡ್ಡಿಯಂಥ ಕಪ್ಪು ಮೈ, ತಲೆಯ ಎರಡೂ ಬದಿಯನ್ನು ಪೂರ್ತಿ ಆಕ್ರಮಿಸಿಕೊಂಡ ಉಬ್ಬುಗಣ್ಣುಗಳು. ಇದರ ಕೆಳತುಟಿ ರಕ್ತದ್ರವದ ಒತ್ತಡದಿಂದ ಕೆಲವೇ ಮಿಲಿಸೆಕೆಂಡುಗಳಲ್ಲಿ ಮುಂದಕ್ಕೆ ಚಿಮ್ಮಿ, ತುದಿಯ ಅಂಟುಮೆತ್ತೆಗಳಿಂದ ಚಿಮ್ಮುಬಾಲದ ಕೀಟಗಳನ್ನು ಹಿಡಿದೆಳೆಯುತ್ತದೆ. ನೀರಿಗೆ ಬಿದ್ದರೆ ಉದರದ ತುದಿಯ ಗ್ರಂಥಿಯಿಂದ ಸ್ಟೀನುಸಿನ್ ಎಂಬ ದ್ರವವನ್ನು ಬಿಡುತ್ತದೆ. ಹಿಂದಿನ ನೀರಿನ ಮೇಲ್ಮೈ ಎಳೆತ ಕುಗ್ಗುವುದರಿಂದ ಮೈ ತಾನಾಗಿ ಮುಂದಕ್ಕೆ ಜಾರುತ್ತದೆ. ಅಲ್ಲೇ ಪಕ್ಕದಲ್ಲಿ ಕೆಂಪು–ಕಪ್ಪು ಬಣ್ಣದ ಪೀಡರಸ್ ಕೂಡ ಓಡಾಡುತ್ತಿತ್ತು. ಅದನ್ನು ಕುಂಚದಿಂದಲೇ ಸರಿಸಬೇಕು. ಜಜ್ಜಿದರೆ ಅದರ ಮೈಯೊಳಗಿನ ಪೀಡರಿನ್ ಎಂಬ ವಿಷ ಚರ್ಮದ ಮೇಲೆ ಬೊಬ್ಬೆ ಎಬ್ಬಿಸುತ್ತದೆ. ಆ ವಿಷವನ್ನು ತಯಾರಿಸುವುದು ಜೀರುಂಡೆಯಲ್ಲ, ಅದರೊಳಗೆ ನೆಲೆಸಿರುವ ಬ್ಯಾಕ್ಟೀರಿಯಾ.

ಇವೆರಡೂ ತಗ್ಗಿನ ಬಯಲುಗಳಲ್ಲಿಯೂ ಬೇಕಾದಷ್ಟು ಸಂಬಂಧಿಕರಿರುವ ಕುಲಗಳು. ಬೆಟ್ಟದ ಜೀರುಂಡೆ ಎನ್ನಬಹುದಾದದ್ದಕ್ಕೆ ಇನ್ನೂ ಮೇಲಕ್ಕೆ ಹೋಗಬೇಕಿತ್ತು.

ಎರಡನೆಯ ದಿನ: ಚೀಕಾದಿಂದ ಬಾಲೂ ಕಾ ಘೇರಾ

ಚೀಕಾ ದಾಟಿದ ಮೇಲೆ ಮರಗಳು ವಿರಳವಾಗುತ್ತ ಭೂರ್ಜದ ಕುರುಚಲು ಮಾತ್ರ ಉಳಿದು, ಆಮೇಲೆ ಅದೂ ಇಲ್ಲವಾಗಿ, ಸುಮಾರು 3,600 ಮೀಟರಿನ ಬಾಲೂ ಕಾ ಘೇರಾ ತಲುಪುವಷ್ಟರಲ್ಲಿ ಹುಲ್ಲು, ಮರಳು, ಜಲ್ಲಿಗಳ ಅಗಲವಾದ ತಟ್ಟು ಎದುರಾಗುತ್ತದೆ. ಎತ್ತರದ ಕೀಟಗಳನ್ನು ಕುರಿತು ಬರೆಯುವಾಗ ಮರಗಳ ಗಡಿ ಎಂಬುದನ್ನು ಮುಖ್ಯ ಗೆರೆಯಾಗಿ ಹಿಡಿದವರು ಎಂ. ಎಸ್. ಮಣಿ. 1950ರ ದಶಕದಲ್ಲಿ ವಾಯವ್ಯ ಹಿಮಾಲಯಕ್ಕೆ ಕೀಟಶಾಸ್ತ್ರದ ತಂಡಗಳನ್ನು ಒಯ್ದ ಅವರು, ಸಮುದ್ರಮಟ್ಟದಿಂದ ಇಂತಿಷ್ಟು ಮೀಟರ್ ಎಂಬುದಕ್ಕಿಂತ ಮರಗಳು ಮುಗಿಯುವ ಗೆರೆಯ ಮೇಲೋ ಕೆಳಗೋ ಎಂಬುದೇ ಕೀಟಗಳ ಮಟ್ಟಿಗೆ ಹೆಚ್ಚು ಅರ್ಥಪೂರ್ಣ ಎಂದು ವಾದಿಸಿದರು. ಈ ದಾರಿಯಲ್ಲಿ ನಡೆಯುವವರಿಗೆ ಅದು ವಾದವಾಗಿ ಉಳಿಯುವುದಿಲ್ಲ. ಎಲೆಕಸವೇ ಇಲ್ಲದ ಮೇಲೆ ಎಲೆಕಸದ ಜೀರುಂಡೆಗಳಿಗೆ ಕಲ್ಲಿನಡಿಯ ಹೊರತು ಬೇರೆ ಮನೆ ಎಲ್ಲಿಂದ ಬರಬೇಕು?

ರಾಣಿ ನಾಲೆಯ ಪಕ್ಕದ ಚಿಕ್ಕ ಕವಲೊಂದರಲ್ಲಿ ಹಿಮ ಕರಗಿದ ನೀರು ಸಣ್ಣ ಉರುಟುಗಲ್ಲುಗಳ ನಡುವೆ ಹರಿಯುತ್ತಿತ್ತು. ಅರ್ಧ ನೀರಿನಲ್ಲಿ, ಅರ್ಧ ಹೊರಗಿದ್ದ ಕಲ್ಲೊಂದನ್ನು ಎತ್ತಿದಾಗ ಅದರ ಒದ್ದೆ ತಳದಲ್ಲಿ ಹೊಳಪುಗಪ್ಪಿನ, 5 ಮಿ.ಮೀ. ಉದ್ದದ ಜೀರುಂಡೆಯೊಂದು ಗಾಬರಿಯಿಲ್ಲದೆ ನಡೆಯುತ್ತಿತ್ತು. ಲೆನ್ಸಿನಲ್ಲಿ ನೋಡಿದರೆ ಮುಂರೆಕ್ಕೆಗಳು ಬೇರೆ ರೋವ್ ಜೀರುಂಡೆಗಳಿಗಿಂತ ಉದ್ದ, ಹಿಂದಕ್ಕೆ ಹೋದಂತೆ ಅಗಲ. ಮುನ್ನೆದೆಯ ಫಲಕ ಹೃದಯದಾಕಾರದ್ದು. ಕುಡಿಮೀಸೆಗಳು ಹನ್ನೊಂದು ಗಣ್ಣಿನವು, ತೆಳ್ಳಗೆ ನೀಳವಾದವು. ಅನುಮಾನ ಪರಿಹರಿಸಿದ್ದು ತಲೆಯ ಹಿಂಭಾಗ: ಎರಡು ಸಂಯುಕ್ತ ಕಣ್ಣುಗಳಲ್ಲದೆ ಕುತ್ತಿಗೆಯ ಹತ್ತಿರ ಮಿನುಗುವ ಎರಡು ಸರಳ ಕಣ್ಣುಗಳು. ಬಹುಪಾಲು ಜೀರುಂಡೆಗಳಲ್ಲಿ ಸರಳ ಕಣ್ಣುಗಳೇ ಇರುವುದಿಲ್ಲ; ರೋವ್ ಜೀರುಂಡೆಗಳ ಒಳಗೆ ಈ ಜೋಡಿ ಒಮಾಲಿಯಿನೇ ಉಪಕುಟುಂಬದ ಗುರುತು. ಇದು ಆ ಉಪಕುಟುಂಬದ ಜಿಯೋಡ್ರಾಮಿಕಸ್ ಕುಲದ್ದು. ತಂಪು ತೊರೆಗಳ ಅಂಚೇ ಇದರ ಬದುಕಿನ ಪಟ್ಟಿ, ಹಿಮಾಲಯದಲ್ಲಿ ಇದಕ್ಕೆ ಅನೇಕ ಪ್ರಭೇದಗಳಿವೆ. ಉತ್ತರ ಗೋಳಾರ್ಧದ ತಂಪು ನಾಡುಗಳಲ್ಲೆಲ್ಲ ಇದರ ಬಂಧುಗಳು ಸಿಗುತ್ತಾರೆ. ಜೋಬ್ರಾದ ಪೀಡರಸ್ ಉಷ್ಣವಲಯದ ನಾಡುಗಳಲ್ಲಿಯೂ ಹೇರಳವಾಗಿರುವ ಕುಲ. ಈ ಜಿಯೋಡ್ರಾಮಿಕಸ್ ಮುಖ ಮಾಡಿರುವುದು ಉತ್ತರಕ್ಕೆ. ವಾಯವ್ಯ ಹಿಮಾಲಯದ ಎತ್ತರದ ಕೀಟಗಳ ನಂಟು ಮಧ್ಯ ಏಷ್ಯಾದ ಪರ್ವತಗಳ ಜೊತೆಗೆ ಹೆಚ್ಚು ಎಂದು ಮಣಿ ಹೇಳಿದ್ದರ ಒಂದು ತುಣುಕು ಇದೇ ಕಲ್ಲಿನಡಿಯಲ್ಲಿತ್ತು.

ಬಾಲೂ ಕಾ ಘೇರಾದ ತಟ್ಟಿನಲ್ಲಿ ಗದ್ದಿ ಕುರಿಗಾಹಿಗಳ ಹಿಂಡು ಮೇಯುತ್ತಿತ್ತು. ಕುರಿಹಿಕ್ಕೆಯನ್ನು ಕೆದಕುವುದು ಚಾರಣದ ತಂಡದವರಿಗೆ ಹಿಡಿಸಲಿಲ್ಲವಾದರೂ ರೋವ್ ಜೀರುಂಡೆಗಳನ್ನು ನೋಡಲು ಅದಕ್ಕಿಂತ ಒಳ್ಳೆಯ ಜಾಗವಿಲ್ಲ. ಫಿಲಾಂಥಸ್ ಎಂಬ ಹೊಳೆವ ಬೇಟೆಗಾರ ನೊಣದ ಹುಳುಗಳನ್ನು ಅಟ್ಟುತ್ತಿತ್ತು. ಅದಕ್ಕಿಂತ ಚಿಕ್ಕದಾದ, ದಪ್ಪ ಮೈಯ ಅಲಿಯೋಕಾರ ಕೂಡ ಇತ್ತು. ಅದರ ಮರಿ ನೊಣದ ಕೋಶವನ್ನು ಕೊರೆದು ಒಳಹೊಕ್ಕು ಅದನ್ನೇ ತಿಂದು ಬೆಳೆಯುತ್ತದೆ. ಇವೆರಡೂ ಚೆನ್ನಾಗಿ ಹಾರಬಲ್ಲವು. ಹಿಕ್ಕೆ ಎರಡು ಮೂರು ದಿನಗಳಲ್ಲಿ ಒಣಗಿಹೋಗುವ ಆಸ್ತಿ. ರೆಕ್ಕೆಯಿಲ್ಲದವರು ಅದನ್ನು ನೆಚ್ಚಿ ಬದುಕಲಾರರು.

ಫಿಲಾಂಥಸ್ ಒಂದು ತಟ್ಟೆಯಿಂದ ಹಾರಲು ಸಿದ್ಧವಾದಾಗ ರೆಕ್ಕೆ ಬಿಚ್ಚುವುದನ್ನೂ, ಮರಳಿ ಇಳಿದಾಗ ಮಡಿಸುವುದನ್ನೂ ಹತ್ತಿರದಿಂದ ನೋಡಲು ಸಾಧ್ಯವಾಯಿತು. ಮುಂರೆಕ್ಕೆ ಚಿಕ್ಕದೆಂದು ಒಳಗಿನ ಹಿಂರೆಕ್ಕೆ ಚಿಕ್ಕದಲ್ಲ. ಅದು ಇಡೀ ಮೈಯುದ್ದದಷ್ಟು ಇರಬಲ್ಲದು. ಅದನ್ನು ಆ ಸಣ್ಣ ಹೊದಿಕೆಯೊಳಗೆ ಸೇರಿಸಲು ಜೀರುಂಡೆ ಎರಡೂ ರೆಕ್ಕೆಗಳನ್ನು ಒಂದರ ಮೇಲೊಂದು ಇರಿಸಿಕೊಂಡು, ಉದರವನ್ನು ಮೇಲಕ್ಕೆತ್ತಿ, ಅದರ ಬೆನ್ನಿನಿಂದ ಹಲವು ಸಲ ನೂಕಿ ನೂಕಿ ಒಳಸೇರಿಸುತ್ತದೆ. ಎಡ ಮತ್ತು ಬಲ ರೆಕ್ಕೆಗಳ ಮಡಿಕೆಯ ಗೆರೆಗಳು ಒಂದೇ ತರಹ ಇರುವುದಿಲ್ಲ. ಯಾವುದು ಮೇಲೆ, ಯಾವುದು ಕೆಳಗೆ ಎಂಬುದನ್ನು ಕೀಟ ಅದಲುಬದಲು ಮಾಡಬಲ್ಲದು ಕೂಡ. ಹೀಗೆ ನೂಕುವ ಉದರದಲ್ಲಿ ಒಂದು ಸಣ್ಣ ಸಲಕರಣೆ ಇದೆ: ಏಳನೆಯ ಬೆನ್ನಫಲಕದ, ಅಂದರೆ ಹೊರಗೆ ಕಾಣುವ ಐದನೆಯದರ, ಹಿಂಬದಿಯಂಚಿನಲ್ಲಿ ಬಿಳಿಯ ನವಿರಾದ ಝಾಲರು. ರೆಕ್ಕೆಯುಳ್ಳ ಪ್ರಭೇದಗಳಲ್ಲಿ ಅದು ಬಿಳಿಗೆರೆಯಾಗಿ ಕಾಣುತ್ತದೆ. ಆ ಸಂಜೆ ನೋಡಿದವುಗಳಲ್ಲೆಲ್ಲ ಅದು ಇತ್ತು.

ಮೂರನೆಯ ದಿನ: ಪಾಸ್ ದಾಟಿ ಸಿಯಾಗೋರು

ಬೆಳಿಗ್ಗೆ ಬೇಗನೆ ಹೊರಟರೂ ನಾನು ಹಿಂದೆ ಬಿದ್ದದ್ದು ಏರಿನ ಉಬ್ಬಸದಿಂದ ಮಾತ್ರವಲ್ಲ. ಈ ಎತ್ತರದಲ್ಲಿ ಗಾಳಿಯ ಒತ್ತಡ ಸಮುದ್ರಮಟ್ಟದ ಒತ್ತಡದ ಸುಮಾರು 60 ಶೇಕಡ. ಪ್ರತಿ ಸಾವಿರ ಮೀಟರಿಗೆ ಸರಾಸರಿ 6.5 ಡಿಗ್ರಿ ಸೆಲ್ಸಿಯಸ್ ಲೆಕ್ಕ ಹಿಡಿದರೆ ಜೋಬ್ರಾಕ್ಕಿಂತ ಪಾಸ್ ಒಂಬತ್ತು ಡಿಗ್ರಿಯಷ್ಟು ತಂಪು. ಜೂನ್ ಕೊನೆಯಲ್ಲೂ ಇಳಿಜಾರಿನಲ್ಲಿ ಹಿಮದ ಹಾಸುಗಳು ಉಳಿದಿದ್ದವು. ನನಗೆ ಬೇಕಿದ್ದುದು ಆ ಹಾಸುಗಳ ಅಂಚು.

ಹಿಮದ ಮೇಲೆ ಸತ್ತ ನೊಣಗಳು, ಏಫಿಡ್‌ಗಳು, ಸಣ್ಣ ಪತಂಗಗಳು ಚೆಲ್ಲಿಬಿದ್ದಿದ್ದವು. ಕೆಳಗಿನ ಕಣಿವೆಗಳಿಂದ ಬಿಸಿಗಾಳಿ ಹೊತ್ತು ತಂದು, ಚಳಿಗೆ ಮರಗಟ್ಟಿ ಉದುರಿದ ಕೀಟಗಳಿವು. ಗಾಳಿ ತಂದ ಇಂಥ ಆಹಾರವನ್ನೇ ನೆಚ್ಚಿದ ಜೀವಿಗಳ ವಲಯವನ್ನು ಲಾರೆನ್ಸ್ ಸ್ವಾನ್ ಎಂಬ ಜೀವಶಾಸ್ತ್ರಜ್ಞ 1960ರ ದಶಕದಲ್ಲಿ ಪ್ರತ್ಯೇಕ ವಲಯವೆಂದೇ ಗುರುತಿಸಿದರು. 1924ರ ಎವರೆಸ್ಟ್ ತಂಡದ ವೈದ್ಯ ಹಿಂಗ್‌ಸ್ಟನ್ ಸುಮಾರು 6,700 ಮೀಟರ್ ಎತ್ತರದಲ್ಲಿ ನೆಗೆಜೇಡಗಳನ್ನು ಕಂಡಾಗ ಅವು ಅಲ್ಲಿ ತಿನ್ನುವುದಾದರೂ ಏನನ್ನು ಎಂಬ ಪ್ರಶ್ನೆ ಎದ್ದಿತ್ತು. ಉತ್ತರ ಗಾಳಿಯಲ್ಲೇ ಇತ್ತು. ಹಂಪ್ಟಾದಲ್ಲಿ ಆ ಹಬ್ಬದೂಟಕ್ಕೆ ಬರುವವರಲ್ಲಿ ನೆಲಜೀರುಂಡೆಗಳೂ ರೋವ್ ಜೀರುಂಡೆಗಳೂ ಸೇರಿವೆ. ಹಗಲಿನಲ್ಲಿ ಅವು ಹಿಮದಂಚಿನ ಕಲ್ಲುಗಳಡಿ ಅಡಗಿರುತ್ತವೆ.

ಪಾಸ್‌ಗಿಂತ ಕೆಳಗೆ, 4,000 ಮೀಟರಿಗೆ ಸ್ವಲ್ಪ ಮೇಲೆ, ಹಿಮ ಈಗಷ್ಟೇ ಹಿಂದೆ ಸರಿದಿದ್ದ ಒದ್ದೆ ನೆಲದಲ್ಲಿ ಅರ್ಧ ಹೂತಿದ್ದ ಚಪ್ಪಟೆ ಕಲ್ಲೊಂದರ ಅಡಿಯಲ್ಲಿ ನಾನು ಹುಡುಕುತ್ತಿದ್ದಂಥದು ಸಿಕ್ಕಿತು. ಉದ್ದ 3 ಮಿ.ಮೀ.ಗಿಂತ ತುಸು ಕಡಿಮೆ, ಬಣ್ಣ ಕಪ್ಪಿಗೆ ತಿರುಗಿದ ಕಂದು, ಕಾಲುಗಳು ಮಾತ್ರ ಮಾಸಲು ಹಳದಿ. ಕುಡಿಮೀಸೆಗಳು ಹುಟ್ಟುವುದು ಎರಡು ಕಣ್ಣುಗಳ ನಡುವಿನ ಹಣೆಯ ಮೇಲೆ; ಆದ್ದರಿಂದ ಇದು ಅಲಿಯೋಕಾರಿನೇ ಉಪಕುಟುಂಬದ್ದು ಎಂಬುದರಲ್ಲಿ ಸಂದೇಹವಿರಲಿಲ್ಲ. 16,000ಕ್ಕೂ ಹೆಚ್ಚು ಪ್ರಭೇದಗಳಿರುವ ಈ ಉಪಕುಟುಂಬ ತಜ್ಞರನ್ನೂ ಸುಸ್ತು ಮಾಡುವಂಥದು, ಆದರೆ ನನ್ನ ಗಮನ ಹೆಸರಿನ ಮೇಲಿರಲಿಲ್ಲ. ತಟ್ಟೆಗೆ ಹಾಕಿ, ಬಿಸಿಲಿಗೆ ಮರೆಮಾಡಿ, ಮ್ಯಾಕ್ರೊ ಲೆನ್ಸಿನಲ್ಲಿ ಒಂದೊಂದೇ ಭಾಗವನ್ನು ನೋಡುತ್ತ ಹೋದೆ.

ಮುಂರೆಕ್ಕೆಗಳು ಮುನ್ನೆದೆಯ ಫಲಕಕ್ಕಿಂತ ಸ್ಪಷ್ಟವಾಗಿ ಗಿಡ್ಡವಾಗಿದ್ದವು. ಕೆಳಗಿನ ಹಾರುವ ಬಂಧುಗಳಲ್ಲಿ ಅವು ಸಾಮಾನ್ಯವಾಗಿ ಅದಕ್ಕೆ ಸಮ ಅಥವಾ ಅದಕ್ಕಿಂತ ಉದ್ದ. ಭುಜದ ಕೋನ ಎಂಬುದು ಹೆಚ್ಚುಕಡಿಮೆ ಇಲ್ಲವೇ ಇಲ್ಲ: ಹಾರುವ ಜೀರುಂಡೆಯಲ್ಲಿ ಹಿಂರೆಕ್ಕೆಯ ಬುಡವೂ ಅದರ ಸ್ನಾಯುಗಳೂ ಇರುವ ಜಾಗ ಚೌಕವಾಗಿ ಉಬ್ಬಿದ್ದರೆ, ಇದರಲ್ಲಿ ಮುನ್ನೆದೆಯಿಂದ ಉದರದವರೆಗೆ ಬದಿಗೆರೆ ಇಳಿಜಾರಾಗಿ ಸಾಗಿತ್ತು. ಕಣ್ಣುಗಳು ಸಣ್ಣವು, ಕೆನ್ನೆಯ ಭಾಗಕ್ಕಿಂತ ಗಿಡ್ಡ. ಉದರ ಮಾತ್ರ ಅಗಲವಾಗಿ, ನಡುವಿನಿಂದ ಹಿಂದಕ್ಕೆ ಇನ್ನಷ್ಟು ಅಗಲವಾಗಿ, ಮೈಯ ಅರ್ಧಕ್ಕಿಂತ ಹೆಚ್ಚು ಪಾಲನ್ನು ಪಡೆದಿತ್ತು. ಕೊನೆಗೆ ಆ ಏಳನೆಯ ಬೆನ್ನಫಲಕ: ಅಂಚು ಬೋಳು, ಬಿಳಿ ಝಾಲರಿನ ಸುಳಿವಿಲ್ಲ. ಮಡಿಸಲು ರೆಕ್ಕೆಯೇ ಇಲ್ಲದ ಮೇಲೆ ಮಡಿಸುವ ಸಲಕರಣೆಯೂ ಕಾಲಕ್ರಮದಲ್ಲಿ ಅಳಿಸಿಹೋಗಿದೆ. ಮುಂರೆಕ್ಕೆಯನ್ನು ಎತ್ತಿ ಒಳಗೆ ಇಣುಕದೆಯೇ ಈ ಜೀರುಂಡೆ ಹಾರಲಾರದು ಎಂದು ಹೇಳಲು ಗಿಡ್ಡ ಮುಂರೆಕ್ಕೆ, ಅಳಿದ ಭುಜ, ಬೋಳು ಅಂಚು ಈ ಮೂರೂ ಕೂಡಿದರೆ ಸಾಕು.

ರೆಕ್ಕೆ ಕಳೆದುಕೊಳ್ಳುವುದು ಎತ್ತರದ ಕೀಟಗಳಲ್ಲಿ ಮತ್ತೆ ಮತ್ತೆ, ಬೇರೆ ಬೇರೆ ವಂಶಗಳಲ್ಲಿ ಸ್ವತಂತ್ರವಾಗಿ ನಡೆದಿದೆ. ಮದೀರಾ ದ್ವೀಪದ ರೆಕ್ಕೆಯಿಲ್ಲದ ಜೀರುಂಡೆಗಳ ಬಗ್ಗೆ 1859ರಲ್ಲಿ ಡಾರ್ವಿನ್ ಕೊಟ್ಟ ಕಾರಣ ಗಾಳಿ: ಹಾರಿದವು ಸಮುದ್ರಕ್ಕೆ ಹೊತ್ತುಹೋದವು, ಹಾರದವು ಉಳಿದವು. ಬೆಟ್ಟಗಳಿಗೂ ಇದನ್ನೇ ಹೇಳುವವರಿದ್ದಾರೆ. ನನಗೆ ಇದು ಪೂರ್ತಿ ಒಪ್ಪಿಗೆಯಾಗಲಿಲ್ಲ; ಏಕೆಂದರೆ ಈ ಜೀರುಂಡೆ ಬದುಕುವ ಕಲ್ಲಿನಡಿಯಲ್ಲಿ ಗಾಳಿಯೇ ಇಲ್ಲ. ಹಾರಾಟದ ಸ್ನಾಯುಗಳು ಕೆಲಸ ಮಾಡಲು ಬೇಕಾದ ಬೆಚ್ಚನೆಯ ಗಂಟೆಗಳು ಇಲ್ಲಿ ಬೆರಳೆಣಿಕೆಯವು, ಹಿಮವಿಲ್ಲದ ಕಾಲ ಕೆಲವೇ ತಿಂಗಳು, ಮನೆಯಾದರೋ ಹಿಕ್ಕೆಯಂತೆ ಒಣಗಿಹೋಗದೆ ವರ್ಷಗಟ್ಟಲೆ ಇದ್ದಲ್ಲೇ ಇರುವ ಕಲ್ಲು. ಇಂಥಲ್ಲಿ ಸ್ನಾಯು ಕಟ್ಟಲು ಸುರಿಯುವ ಶಕ್ತಿಯನ್ನು ಮೊಟ್ಟೆಗಳಿಗೆ ತಿರುಗಿಸಿದ ಹೆಣ್ಣಿಗೆ ಹೆಚ್ಚು ಮರಿಗಳಾಗುತ್ತವೆ ಎಂಬ ವಿವರಣೆ ಆ ಅಗಲವಾದ ಉದರಕ್ಕೂ ಚೆನ್ನಾಗಿ ಹೊಂದುತ್ತದೆ. ಚಳಿಗಾಲದಲ್ಲಿ ದಪ್ಪ ಹಿಮದ ಹೊದಿಕೆಯಡಿಯ ನೆಲ ಸೊನ್ನೆ ಡಿಗ್ರಿಯ ಆಸುಪಾಸಿನಲ್ಲೇ ನಿಲ್ಲುವುದರಿಂದ, ಮೇಲೆ ಎಷ್ಟೇ ಕೊರೆದರೂ ಕೆಳಗೆ ಉಳಿಯಲು ಸಾಧ್ಯ. ಹಿಮ ಇವುಗಳ ಪಾಲಿಗೆ ಶತ್ರುವಲ್ಲ; ಹಿಮ ಬೀಳದ ಚಳಿಗಾಲ ಶತ್ರು.

ಆದರೆ ಈ ಅನುಕೂಲಕ್ಕೆ ತೆತ್ತ ಬೆಲೆ ಇರುವುದು ನಕ್ಷೆಯಲ್ಲಿ. ರೆಕ್ಕೆಯಿಲ್ಲದ, ಒದ್ದೆ ನೆಲವನ್ನು ಬಿಟ್ಟಿರಲಾರದ, 3 ಮಿ.ಮೀ. ಉದ್ದದ ಕೀಟಕ್ಕೆ ಎರಡು ಶಿಖರಗಳ ನಡುವಿನ ಬೆಚ್ಚನೆಯ ಕಣಿವೆ ದಾಟಲಾರದ ಗಡಿ. ಹೀಗಾಗಿ ಒಂದೊಂದು ಬೆಟ್ಟಕ್ಕೆ ಒಂದೊಂದು ಪ್ರಭೇದ ಎಂಬಂಥ ಸ್ಥಿತಿ ಉಂಟಾಗುತ್ತದೆ. ಆಲ್ಪ್ಸ್‌ನ ಲೆಪ್ಟುಸಾ ಕುಲದಲ್ಲಿ ಇದು ಪ್ರಸಿದ್ಧ. ಒಂದೇ ಶಿಖರಸಮೂಹಕ್ಕೆ ಸೀಮಿತವಾದ ರೆಕ್ಕೆಯಿಲ್ಲದ ಪ್ರಭೇದಗಳು ಅಲ್ಲಿ ಅನೇಕ. ಹಿಮಯುಗದಲ್ಲಿ ಯಾವ ಬೆಟ್ಟಗಳು ಹಿಮನದಿಗಳಿಂದ ಮುಚ್ಚಿಹೋಗದೆ ಆಶ್ರಯವಾಗಿದ್ದವು ಎಂಬುದನ್ನು ಇಂಥ ಕೀಟಗಳ ಹರವಿನಿಂದಲೇ ಓದಬಹುದು ಎಂದು ಆಸ್ಟ್ರಿಯಾದ ಕಾರ್ಲ್ ಹೋಲ್ಡ್‌ಹೌಸ್ 1954ರಲ್ಲಿ ವಿಸ್ತಾರವಾಗಿ ತೋರಿಸಿದ್ದರು. ನೇಪಾಳದ ಹಿಮಾಲಯದಲ್ಲೂ ಸ್ಥಳೀಯ ಪ್ರಭೇದಗಳ ಇದೇ ಬಗೆಯ ಚದುರುವಿಕೆ ಕಂಡುಬಂದಿದೆ.

ಪಾಸ್‌ನ ನೆತ್ತಿಯಲ್ಲಿ ಎಲ್ಲರೂ ಛಾಯಾಚಿತ್ರ ತೆಗೆಸಿಕೊಳ್ಳುವಷ್ಟು ಹೊತ್ತು ನಿಂತು, ಆಚೆ ಸಿಯಾಗೋರು ಕಡೆಗೆ ಕಡಿದಾಗಿ ಇಳಿದೆವು. ಇಳಿಜಾರಿನ ಹಿಮದಂಚಿನಲ್ಲಿ ಮತ್ತೆ ಕಲ್ಲುಗಳನ್ನು ಎತ್ತಿ ನೋಡಿದೆ. ನೆಲಜೀರುಂಡೆಗಳು ಹೆಚ್ಚು, ರೋವ್ ಜೀರುಂಡೆಗಳಲ್ಲಿ ಭುಜ ಚೌಕವಾಗಿದ್ದ, ಬಿಳಿಗೆರೆಯುಳ್ಳ ಹಾರುವ ಬಗೆಯವು ಮಾತ್ರ. ಕೆಲವು ಕಲ್ಲುಗಳಡಿ ಕಾಣಲಿಲ್ಲ ಎಂದರೆ ಅಲ್ಲಿ ಇಲ್ಲವೆಂದು ಅರ್ಥವಲ್ಲ. ರೆಕ್ಕೆಯಿಲ್ಲದವು ಮಣ್ಣೊಳಕ್ಕೂ ಇಳಿಯುತ್ತವೆ, ತೇವ ಎಷ್ಟಿದೆ ಎಂಬುದರ ಮೇಲೆ ಮೇಲಕ್ಕೂ ಬರುತ್ತವೆ.

ನಾಲ್ಕನೆಯ ದಿನ: ಸಿಯಾಗೋರುವಿನಿಂದ ಛತ್ರೂ

ಬೆಳಗಿನ ಕೊರೆಯುವ ತೊರೆಯನ್ನು ದಾಟಿದ ಮೇಲೆ ಉಳಿದದ್ದು ಜಾರುಗಲ್ಲುಗಳ ಇಳಿತ. ಹೇಳಿಕೊಳ್ಳುವಂಥ ಜೀರುಂಡೆಗಳು ತೊರೆಯಂಚನ್ನು ಬಿಟ್ಟರೆ ಎಲ್ಲಿಯೂ ಸಿಗಲಿಲ್ಲ. ತೊರೆಯಂಚಿನಲ್ಲಿ ಮಾತ್ರ ಹೃದಯದಾಕಾರದ ಮುನ್ನೆದೆಯ, ಸರಳ ಕಣ್ಣುಗಳ ಜಿಯೋಡ್ರಾಮಿಕಸ್ ಮತ್ತೆ ಕಂಡಿತು.

ರಾಣಿ ನಾಲೆಯಲ್ಲಿ ಕಂಡದ್ದೂ ಇದೂ ಒಂದೇ ಪ್ರಭೇದವೇ ಎಂಬ ಪ್ರಶ್ನೆಯನ್ನು ಲೆನ್ಸ್ ಹಿಡಿದು ತೀರ್ಮಾನಿಸಲು ಬರುವುದಿಲ್ಲ. ರೋವ್ ಜೀರುಂಡೆಗಳಲ್ಲಿ ಪ್ರಭೇದದ ಕೊನೆಯ ಸಾಕ್ಷಿ ಗಂಡಿನ ಜನನಾಂಗ. ಉದರದ ತುದಿಯನ್ನು ಬಿಡಿಸಿ, ಕ್ಷಾರದ್ರಾವಣದಲ್ಲಿ ಮೆದುಗೊಳಿಸಿ, ಸೂಕ್ಷ್ಮದರ್ಶಕದಡಿ ಅದರ ನಡುಹಾಲೆಯ ತುದಿ ಬಾಗಿರುವ ಬಗೆ, ಒಳಚೀಲದ ಮುಳ್ಳುಗಳು, ಪಕ್ಕದ ತೋಳುಗಳ ಉದ್ದ ಇವನ್ನು ನೋಡಬೇಕು. ಅಲಿಯೋಕಾರಿನೇಯಲ್ಲಿ ಹೆಣ್ಣಿನ ವೀರ್ಯಕೋಶದ ಸುರುಳಿಯೂ ಅಷ್ಟೇ ಮುಖ್ಯ. ಹೊರಗೆ ಅವಳಿಗಳಂತಿರುವ ಎರಡು ಜೀರುಂಡೆಗಳು ಒಳಗೆ ಪೂರ್ತಿ ಬೇರೆಯಾಗಿರುವುದು ಇಲ್ಲಿ ಸಾಮಾನ್ಯ. ಭಾರತದ ರೋವ್ ಜೀರುಂಡೆಗಳ ಬಗ್ಗೆ ಇಂದಿಗೂ ಮೊದಲು ತೆರೆಯಬೇಕಾದದ್ದು ಮಾಲ್ಕಂ ಕ್ಯಾಮರಾನ್ 1930ರಿಂದ 1939ರವರೆಗೆ ಪ್ರಕಟಿಸಿದ ಸಂಪುಟಗಳನ್ನು. ಬ್ರಿಟಿಷ್ ನೌಕಾಪಡೆಯ ವೈದ್ಯರಾಗಿದ್ದು, ಆಮೇಲೆ ಡೆಹ್ರಾಡೂನಿನ ಅರಣ್ಯ ಸಂಶೋಧನಾ ಸಂಸ್ಥೆಯಲ್ಲಿ ಕೆಲಸ ಮಾಡಿದ ಅವರು ನೂರಾರು ಹೊಸ ಪ್ರಭೇದಗಳಿಗೆ ಹೆಸರಿಟ್ಟರು. ಅವರ ವಿವರಣೆಗಳು ಬಹುಪಾಲು ಹೊರಮೈಯವು: ಬಣ್ಣ, ಚುಕ್ಕೆ, ಗಣ್ಣುಗಳ ಅಳತೆ. ಆದ್ದರಿಂದ ಈಗಿನವರು ಅವರು ಗುರುತಿಸಿದ ಮೂಲ ಮಾದರಿಗಳನ್ನು ಲಂಡನ್ನಿನ ನ್ಯಾಚುರಲ್ ಹಿಸ್ಟರಿ ಮ್ಯೂಸಿಯಂನಲ್ಲಿ ಮತ್ತೆ ಬಿಡಿಸಿ ನೋಡಬೇಕಾಗುತ್ತದೆ. ಕ್ಯಾಮರಾನರನ್ನು ಇದಕ್ಕಾಗಿ ಹಳಿಯುವವರನ್ನು ಕಂಡರೆ ನನಗೆ ಆಶ್ಚರ್ಯ. ಆ ಸಂಪುಟಗಳಿಲ್ಲದೆ ತಿದ್ದುವುದಕ್ಕಾದರೂ ಏನಿರುತ್ತಿತ್ತು?

ಐದನೆಯ ದಿನ: ಚಂದ್ರತಾಲ್

ಛತ್ರೂವಿನಿಂದ ಚಂದ್ರತಾಲ್ ಕಡೆಗೆ ಜೀಪಿನಲ್ಲಿ ಹೋಗಿ, ಕೊನೆಯ ಸ್ವಲ್ಪ ದೂರ ನಡೆದೆವು. ಎತ್ತರ ಹಂಪ್ಟಾ ಪಾಸ್‌ನಷ್ಟೇ, ಸುಮಾರು 4,250 ಮೀಟರ್. ಆದರೆ ಅದೇ ಎತ್ತರದ ನೆಲ ಇಲ್ಲಿ ಬೇರೆಯದೇ ಲೋಕ. ಕೆರೆಯಿಂದ ಕೆಲವೇ ಹೆಜ್ಜೆ ಆಚೆ ಹೋದರೆ ಮಣ್ಣು ಪುಡಿಪುಡಿ, ಕಲ್ಲಿನಡಿ ಒಣಗಿದ ಧೂಳು. ಅಲ್ಲಿ ಕಂಡದ್ದು ಜೇಡಗಳು ಮತ್ತು ಬರನೆಲಕ್ಕೆ ಒಗ್ಗಿದ ಗಟ್ಟಿಮೈಯ ಜೀರುಂಡೆಗಳು, ಮುಂರೆಕ್ಕೆ ಇಡೀ ಉದರವನ್ನು ಮುಚ್ಚಿದವು. ಅದನ್ನು ನೋಡಿದಾಗ ರೋವ್ ಜೀರುಂಡೆಗಳ ಬಯಲು ಉದರದ ಇನ್ನೊಂದು ಮುಖ ತಿಳಿಯುತ್ತದೆ: ಖಂಡಗಳ ನಡುವಿನ ತೆಳುಪೊರೆಗಳ ಮೂಲಕ ಮೈಯ ನೀರು ಆರುವುದನ್ನು ತಡೆಯಲು ಅವುಗಳಿಗೆ ಹೊದಿಕೆಯಿಲ್ಲ. ಎತ್ತರ ಎಂಬ ಒಂದೇ ಅಳತೆಯಿಂದ ಇವುಗಳ ಹರವನ್ನು ವಿವರಿಸಲು ಸಾಧ್ಯವಿಲ್ಲ. ತೇವ ಇರುವಲ್ಲಿಗಷ್ಟೇ ಎತ್ತರ ಲೆಕ್ಕಕ್ಕೆ ಬರುತ್ತದೆ.

ಕೆರೆಯಂಚಿನ ಒದ್ದೆ ಪಟ್ಟಿಯಲ್ಲಿ, ನೀರಿನಿಂದ ಒಂದು ಗೇಣಿನೊಳಗೆ, ಅಲಿಯೋಕಾರಿನೇಯ ಸಣ್ಣ ಜೀರುಂಡೆಗಳು ಗುಂಪಾಗಿ ಓಡುತ್ತಿದ್ದವು. ಎಲ್ಲವುಗಳ ಭುಜ ಚೌಕ, ಎಲ್ಲವುಗಳ ಏಳನೆಯ ಬೆನ್ನಫಲಕದಲ್ಲಿ ಬಿಳಿಗೆರೆ. ತಟ್ಟೆಗೆ ಬಿಸಿಲು ತಗುಲಿದೊಡನೆ ಎರಡು ಹಾರಿಯೂ ಹೋದವು. ಒಂದು ಕೆರೆಯಂಚಿನಿಂದ ಇನ್ನೊಂದಕ್ಕೆ ಹೀಗೆ ಹೋಗಬಲ್ಲವು ಶ್ರೇಣಿಯ ಎರಡೂ ಬದಿ ಇದ್ದರೆ ಅಚ್ಚರಿಯಿಲ್ಲ. ಪಾಸ್‌ನ ಈಚೆಯ ಚಪ್ಪಟೆ ಕಲ್ಲಿನಡಿಯ ರೆಕ್ಕೆಯಿಲ್ಲದ ಜೀರುಂಡೆಯ ವಿಷಯ ಹಾಗಲ್ಲ. ಪಕ್ಕದ ಏಣುಗಳ ಹಿಮದಂಚಿನಿಂದಲೂ ರೋಹ್ತಾಂಗ್ ಬದಿಯಿಂದಲೂ ಗಂಡುಗಳನ್ನು ಅನುಮತಿ ಪಡೆದು ತಂದು, ಅವುಗಳ ನಡುಹಾಲೆಗಳನ್ನು ಪಕ್ಕಪಕ್ಕ ಇಟ್ಟು ನೋಡಿದ ಮೇಲೆಯೇ ಅದು ಇಡೀ ಪೀರ್ ಪಂಜಾಲ್‌ನದೋ ಹಂಪ್ಟಾದ ಆ ಒಂದು ಇಳಿಜಾರಿನದೋ ಎಂದು ಬರೆಯಲು ಬರುತ್ತದೆ.